ಚಿತ್ರರಸಿಕನ ವರ್ಷಪಟ್ಟಿ

ವರ್ಷ ಮುಗಿಯುವ ಹೊತ್ತಿಗೆ ಮೆಚ್ಚಿನ ಚಿತ್ರಗಳ ಪಟ್ಟಿ ಬರೆಯುವುದು ಚಿತ್ರರಸಿಕರಿಗೆ ಒಂದು ವ್ರತವೇ ಆಗಿಬಿಟ್ಟಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ದುಡಿಯುವ ನನ್ನ ಮಿತ್ರರೊಬ್ಬರು 2025ರ ತಮ್ಮ ಪಟ್ಟಿಯನ್ನು ಸಂಬಳದ ಚೀಟಿಯೊಂದರ ಬೆನ್ನಿಗೆ ಬರೆದುಕೊಟ್ಟರು. ಇದ್ದುದು ಮೂರೇ ಹೆಸರು: ‘ಸು ಫ್ರಮ್ ಸೋ’, ‘ಅಜ್ಞಾತವಾಸಿ’, ‘ಮಿಥ್ಯ’. ಕೊನೆಯದರ ಮುಂದೆ ಮಾತ್ರ ‘ಮನೆಯಲ್ಲಿ’ ಎಂದಿತ್ತು. ಪಟ್ಟಿಗಿಂತ ಆ ಒಂದು ಪದವೇ ನನ್ನನ್ನು ಹೆಚ್ಚಾಗಿ ಕಾಡಿತು.

ಸುಮಂತ್ ಭಟ್ಟರ ‘ಮಿಥ್ಯ’ ತೆರೆಕಂಡದ್ದು ಮಾರ್ಚ್ 7ರಂದು. ತಂದೆ ತಾಯಿಯರನ್ನು ಕಳೆದುಕೊಂಡ ಬಾಲಕನೊಬ್ಬ ಮುಂಬಯಿಯಿಂದ ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ, ಕಥೆಯೆಂದರೆ ಇಷ್ಟೆ. ದುಃಖವನ್ನು ಮಾತಿನಲ್ಲಿ ಬಿಡಿಸಿ ಹೇಳದೆ ಹುಡುಗನ ಮೌನದಲ್ಲಿ, ಸಿಟ್ಟಿನಲ್ಲಿ ಕಾಣಿಸುವ ಅದರ ಸಂಯಮ ನಮ್ಮ ಚಿತ್ರಗಳಲ್ಲಿ ಅಪರೂಪ. ಇಂಥ ಕೃತಿ ಬಾಯಿಂದ ಬಾಯಿಗೆ ಹಬ್ಬಿ ಬೆಳೆಯಬೇಕು; ಅದಕ್ಕೆ ಎರಡು ವಾರದ ಆಯುಸ್ಸಾದರೂ ಬೇಕು. ಆ ವಾರ ಮಿತ್ರರಿಗೆ ಬೆಳಗಿನ ಪಾಳಿ. ಅವರ ಸುತ್ತಿನಲ್ಲಿ ಚಿತ್ರಕ್ಕೆ ದೊರೆತಿದ್ದುದು ಮಧ್ಯಾಹ್ನದೊಳಗಿನ ಆಟ. ಮೊದಲ ಭಾನುವಾರ ಓವರ್‌ಟೈಮ್ ನುಂಗಿತು. ಎರಡನೆಯ ಭಾನುವಾರ ನೋಡಿದರೆ ಆ ಒಂದು ಆಟವೂ ಇರಲಿಲ್ಲ.

ಅದೇ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮುಂಗಡಪತ್ರದಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿಯನ್ನು ಘೋಷಿಸಿದರು. ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಟಿತು. ಮಲ್ಟಿಪ್ಲೆಕ್ಸ್‌ಗಳವರೂ ನಿರ್ಮಾಪಕರೂ ನ್ಯಾಯಾಲಯಕ್ಕೆ ಹೋದರು. 23ರಂದು ಹೈಕೋರ್ಟು ಮಧ್ಯಂತರ ತಡೆ ನೀಡಿತು. ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಂದಾಗ ಮಿತಿ ಜಾರಿಯಲ್ಲಿರಲಿಲ್ಲ. ನಾಲ್ಕು ಜನರ ಸಂಸಾರಕ್ಕೆ ದರದ ಪ್ರಶ್ನೆ ಸಣ್ಣದೆಂದು ನಾನು ಹೇಳಲಾರೆ. ಆದರೆ ದರ ಇಳಿದ ಮಾತ್ರಕ್ಕೆ ‘ಮಿಥ್ಯ’ಕ್ಕೆ ಸಂಜೆಯ ಆಟ ದೊರೆಯುತ್ತಿತ್ತೆ? ನಮ್ಮ ಚರ್ಚೆಯೆಲ್ಲ ರೂಪಾಯಿಯ ಸುತ್ತಲೇ ನಡೆಯಿತು. ಗಡಿಯಾರವನ್ನು ಯಾರೂ ನೋಡಲಿಲ್ಲ.

ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಲೆಕ್ಕ ಇನ್ನೂ ಕಠಿಣ. ಒಂದೇ ಸೂರಿನಡಿ ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಚಿತ್ರಗಳ ನಡುವೆ ಕನ್ನಡದ ಸಣ್ಣ ಚಿತ್ರ ನಿಲ್ಲಬೇಕು. ಇದನ್ನು ದ್ವೇಷವೆನ್ನುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಕುರ್ಚಿ ಎಣಿಸುವವನು ತುಂಬುವ ಭಾಷೆಗೇ ಸಂಜೆಯನ್ನು ಕೊಡುತ್ತಾನೆ. ಕೆಂಪೇಗೌಡ ರಸ್ತೆಯ ಮಂದಿರಗಳಲ್ಲಿ ಒಂದು ಚಿತ್ರ ದಿನಕ್ಕೆ ನಾಲ್ಕು ಆಟ, ವಾರಗಟ್ಟಲೆ ನಿಲ್ಲುತ್ತಿತ್ತು. ಯಾವ ಪಾಳಿಯವನಿಗೂ ಒಂದು ಬಾಗಿಲು ತೆರೆದಿರುತ್ತಿತ್ತು. ಪೀಣ್ಯದಿಂದ ಮೆಜೆಸ್ಟಿಕ್‌ಗೆ ಇಂದು ಮೆಟ್ರೋ ನೇರವಾಗಿ ಹೋಗುತ್ತದೆ. ಆದರೆ ಅಲ್ಲಿದ್ದ ‘ಕಪಾಲಿ’ 2017ರಲ್ಲಿಯೇ ಮುಚ್ಚಿತು. ಅತ್ತ ಸ್ಯಾಂಕಿ ರಸ್ತೆಯ ‘ಕಾವೇರಿ’ 2024ರಲ್ಲಿ.

ಜನಾರ್ದನ ಚಿಕ್ಕಣ್ಣನವರ ‘ಅಜ್ಞಾತವಾಸಿ’ಯನ್ನು ಮಿತ್ರರು ಏಪ್ರಿಲಿನಲ್ಲಿ ಹೇಗೋ ಹಿಡಿದರು. ಮಲೆನಾಡಿನ ಹಳ್ಳಿಯೊಂದಕ್ಕೆ ಮೊದಲ ಕಂಪ್ಯೂಟರ್ ಬರುವ ಕಾಲದ ಕಥೆ. ಕಂಪ್ಯೂಟರಿನಿಂದಲೇ ಅನ್ನ ದುಡಿಯುವ ಬಡಾವಣೆಗಳಲ್ಲಿ ಅದನ್ನು ಕಂಡವರೆಷ್ಟು ಮಂದಿಯೋ! ರಂಗಾಯಣ ರಘು ಅವರ ಪೋಲೀಸ್ ಅಧಿಕಾರಿಯನ್ನು ಮಿತ್ರರು ಇನ್ನೂ ಮರೆತಿಲ್ಲ.

‘ಸು ಫ್ರಮ್ ಸೋ’ ಮಾತ್ರ ಗಡಿಯಾರವನ್ನೇ ಬಗ್ಗಿಸಿತು. ಜೆ. ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರ ಜುಲೈ 25ರಂದು ಬಂತು. ಮಂಗಳೂರು, ಶಿವಮೊಗ್ಗ, ಮೈಸೂರುಗಳಲ್ಲಿ ಮೊದಲೇ ಹಣ ಕೊಟ್ಟು ನೋಡಿದವರು ಅದರ ಪ್ರಚಾರಕರಾದರು. ಬೆಂಗಳೂರಿನಲ್ಲಿ ಆಟಗಳು ದಿನದಿನಕ್ಕೆ ಹೆಚ್ಚಿದವು. ಬೆಳಗಿನ ಜಾವಕ್ಕೂ ಹಬ್ಬಿದವು. ಕರಾವಳಿಯ ಹಳ್ಳಿ, ದೆವ್ವದ ಗೊಂದಲ, ಹೊಟ್ಟೆ ಹುಣ್ಣಾಗುವ ನಗು. ಆ ನಗೆಯೊಳಗೆ ಒಬ್ಬ ಹೆಣ್ಣುಮಗಳ ಮಾನದ ಪ್ರಶ್ನೆ. ಕೊನೆಯ ಭಾಗ ಸ್ವಲ್ಪ ಉಪದೇಶಕ್ಕೆ ವಾಲಿತೆಂದು ನನ್ನ ಅನಿಸಿಕೆ, ಮಿತ್ರರು ಒಪ್ಪುವುದಿಲ್ಲ. ರಾತ್ರಿಪಾಳಿ ಮುಗಿಸಿ, ಮುಖ ತೊಳೆದು, ನೇರವಾಗಿ ಹೋಗಿ ನೋಡಿದ ಚಿತ್ರವಂತೆ.

‘ಕಾಂತಾರ’ವೇಕೆ ಪಟ್ಟಿಯಲ್ಲಿಲ್ಲ ಎಂದು ಕೇಳಿದೆ. “ಎರಡು ಸಲ ನೋಡಿದೆ ಸಾರ್, ಚೆನ್ನಾಗಿಯೇ ಇದೆ. ನಾನು ಬರೆಯದಿದ್ದರೆ ಅದಕ್ಕೇನು ನಷ್ಟ?” ಎಂದರು.

‘ಮಿಥ್ಯ’ವನ್ನು ಅವರು ತಿಂಗಳುಗಳ ಬಳಿಕ ಮೊಬೈಲಿನಲ್ಲಿ ಎರಡು ರಾತ್ರಿ ತುಂಡು ತುಂಡಾಗಿ ನೋಡಿದರು, ಮಕ್ಕಳು ಎದ್ದಾರೆಂದು ಧ್ವನಿ ತಗ್ಗಿಸಿಕೊಂಡು. ಎಲ್ಲಿಯಾದರೂ ದೊಡ್ಡ ತೆರೆಗೆ ಮತ್ತೆ ಬಂದರೆ, ಭಾನುವಾರವಾದರೆ, ತಿಳಿಸಿ ಎಂದಿದ್ದಾರೆ.