ಪರಿಶುದ್ಧತೆ ಅಂದ್ರೆ ಬರೀ ಕುಡಿಯದಿರೋದಾ?

ನಮ್ಮ ಸಭೆಗಳಲ್ಲಿ "ಪರಿಶುದ್ಧ ಜೀವಿತ" ಅಂತ ಪ್ರಸಂಗ ಶುರುವಾದರೆ ಮುಂದೇನು ಬರುತ್ತೆ ಅಂತ ಮೊದಲೇ ಹೇಳಿಬಿಡಬಹುದು. ಕುಡಿಯಬಾರದು, ಬೀಡಿ ಸಿಗರೇಟು ಮುಟ್ಟಬಾರದು, ಸಿನಿಮಾ ನೋಡಬಾರದು. ಕೆಲವು ಕಡೆ ಒಡವೆ ಹಾಕಬಾರದು ಅಂತಲೂ ಉಂಟು. ಇದೆಲ್ಲಾ ತಪ್ಪು ಅಂತ ನಾನು ಹೇಳ್ತಿಲ್ಲ. ಕುಡಿತ ಬಿಟ್ಟವನ ಮನೆಗೆ ಎಷ್ಟು ನೆಮ್ಮದಿ ಬರುತ್ತೆ ಅಂತ ಅವನ ಹೆಂಡತಿಯನ್ನೇ ಕೇಳಬೇಕು. ನನ್ನ ತಕರಾರು ಬೇರೆ. ಸತ್ಯವೇದದ ಪಟ್ಟಿ ಇದಕ್ಕಿಂತ ತುಂಬಾ ಉದ್ದ ಇದೆ. ಅದರಲ್ಲಿ ನಮ್ಮ ಜೇಬಿಗೆ ಕೈ ಹಾಕದ ಭಾಗವನ್ನಷ್ಟೇ ನಾವು ಆರಿಸಿಕೊಂಡಿದ್ದೇವೆ.

ಯಾಜಕಕಾಂಡ 19ನೇ ಅಧ್ಯಾಯ ತೆಗೆದು ನೋಡಿ. ದೇವರು ಪರಿಶುದ್ಧನಾದ್ದರಿಂದ ಆತನ ಜನರೂ ಹಾಗಿರಬೇಕು ಅಂತಲೇ ಅದು ಶುರುವಾಗೋದು. ಸರಿ, ಹೇಗಿರಬೇಕು? ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ದುಡ್ಡು ಒಂದು ರಾತ್ರಿಯೂ ನಮ್ಮ ಹತ್ತಿರ ಉಳಿಯಬಾರದು. ಕಿವುಡನನ್ನು ಬಯ್ಯಬಾರದು, ಕುರುಡನ ದಾರಿಗೆ ಏನನ್ನೂ ಅಡ್ಡ ಇಡಬಾರದು. ತೀರ್ಪು ಕೊಡುವಾಗ ಬಡವ ಅಂತಲೂ ದೊಡ್ಡಮನುಷ್ಯ ಅಂತಲೂ ಮುಖ ನೋಡಬಾರದು. ತಕ್ಕಡಿ, ಬಟ್ಟು, ಅಳತೆ ಎಲ್ಲಾ ಸರಿ ಇರಬೇಕು. ಯೇಸು ಸ್ವಾಮಿ ಎತ್ತಿ ಹೇಳಿದ ನೆರೆಯವರ ಪ್ರೀತಿಯ ಆಜ್ಞೆ ಮೊದಲು ಬರೋದೂ ಇಲ್ಲೇ, 18ನೇ ವಚನದಲ್ಲಿ.

ತಮಾಷೆ ಏನು ಗೊತ್ತಾ? ಇದೇ ಅಧ್ಯಾಯದ 28ನೇ ವಚನದಲ್ಲಿ ಹಚ್ಚೆ ಬೇಡ ಅಂತ ಇದೆ. ಯೌವನಸ್ಥರ ಕೂಟಗಳಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೂಲಿಯ ವಿಷಯ ಇರೋ 13ನೇ ವಚನದ ಮೇಲೆ ಪ್ರಸಂಗ ಮಾತ್ರ ಒಂದನ್ನೂ ಕೇಳಿಲ್ಲ. ಬೆಂಚಿನ ಮೇಲೆ ಕೂತವರಲ್ಲಿ ಮನೆಗೆಲಸದವರಿಗೆ, ಗಾರೆ ಕೆಲಸದವರಿಗೆ ದುಡ್ಡು ಕೊಡಬೇಕಾದವರು ಎಷ್ಟು ಜನ ಇಲ್ಲ!

"ಅದೆಲ್ಲಾ ಹಳೇ ಒಡಂಬಡಿಕೆ, ಈಗ ನಂಬಿಕೆ ಸಾಕು" ಅನ್ನುವವರಿದ್ದಾರೆ. ಹಾಗಾದರೆ ಯಾಕೋಬನ ಪತ್ರವನ್ನು ಏನು ಮಾಡೋಣ? ಮಾರ್ಟಿನ್ ಲೂಥರನಿಗೂ ಈ ಪತ್ರ ಅಷ್ಟಾಗಿ ಹಿಡಿಸಿರಲಿಲ್ಲ. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಇದನ್ನು ಒಣಹುಲ್ಲಿಗೆ ಹೋಲಿಸಿದ್ದ. ಪೌಲನೂ ಯಾಕೋಬನೂ ಇಬ್ಬರೂ ಅಬ್ರಹಾಮನನ್ನೇ ಉದಾಹರಣೆ ಕೊಡ್ತಾರೆ, ಆದರೆ ಒಬ್ಬ ನಂಬಿಕೆಗೆ, ಇನ್ನೊಬ್ಬ ಕ್ರಿಯೆಗೆ. ಈ ಜಗಳ ಪಂಡಿತರಿಗೆ ಬಿಡೋಣ. ಪೌಲನೇ ಗಲಾತ್ಯದವರಿಗೆ ಬರೆಯುವಾಗ ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆಯ ಮಾತಾಡ್ತಾನೆ. ಯಾಕೋಬನ ಮೊದಲನೇ ಅಧ್ಯಾಯದ ಕೊನೇ ವಚನವನ್ನು ಪೂರ್ತಿ ಓದಿ. ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳೋದು, ಲೋಕದ ಕೊಳೆ ಅಂಟದ ಹಾಗೆ ಇರೋದು, ಎರಡೂ ಒಂದೇ ವಚನದಲ್ಲಿವೆ. ನಾವು ಅದರ ದ್ವಿತೀಯಾರ್ಧವನ್ನು ಮಾತ್ರ ಬಾಯಿಪಾಠ ಮಾಡಿದ್ದೇವೆ.

ಎರಡನೇ ಅಧ್ಯಾಯ ಇನ್ನೂ ಖಾರ. ಬಂಗಾರದ ಉಂಗುರದವನು ಬಂದರೆ ಒಳ್ಳೆ ಜಾಗ, ಹರಕು ಬಟ್ಟೆಯವನಿಗೆ ಕಾಲಬುಡದಲ್ಲಿ ಜಾಗ. ಸಭೆಯೊಳಗೆ ಹೀಗೆ ಮಾಡೋದು ಪಾಪ ಅಂತ ನೇರವಾಗಿ ಹೇಳ್ತಾನೆ. ಇದನ್ನು ಓದುವಾಗ ನಮ್ಮ ದೇಶದಲ್ಲಿ ಜಾತಿ ನೆನಪಾಗದಿದ್ದರೆ ಹೇಗೆ?

1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಸೀಮಿತವಾಯಿತು. ಆಗಲೇ ಕೆಲವು ಸಿಖ್ ಜಾತಿಗಳು ಒಳಗಿದ್ದವು. 1956ರಲ್ಲಿ ಉಳಿದ ದಲಿತ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನೂ ನೇಮಿಸಿತು. ಬೇಡಿಕೆ ನ್ಯಾಯವಾದದ್ದು, ನನ್ನ ಬೆಂಬಲವೂ ಅದಕ್ಕಿದೆ. ಆದರೆ ನಾವು ಸರ್ಕಾರದ ಮುಂದೆ ಹೋಗಿ ಮತಾಂತರವಾದರೂ ಜಾತಿ ಹೋಗಲಿಲ್ಲ ಅಂತ ವಾದಿಸ್ತೇವಲ್ಲ, ಆ ಜಾತಿಯನ್ನು ಸಭೆಯೊಳಗೆ ಉಳಿಸಿಕೊಂಡವರು ಯಾರು? ಕ್ಯಾಥೋಲಿಕ್ ಬಿಷಪರ ಸಮ್ಮೇಳನ 2016ರಲ್ಲಿ ದಲಿತರ ಬಗ್ಗೆ ಹೊರಡಿಸಿದ ನೀತಿಪತ್ರದಲ್ಲಿ ಸಭೆಯೊಳಗೇ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಅಷ್ಟಾದರೂ ಬಾಯಿಬಿಟ್ಟು ಹೇಳಿದ್ದು ದೊಡ್ಡದೇ. ನಾವು ಪ್ರೊಟೆಸ್ಟೆಂಟರೇನೂ ಬೀಗಬೇಕಾಗಿಲ್ಲ, ನಮ್ಮವರ ಮದುವೆ ಜಾಹೀರಾತು ಓದಿದರೆ ಸಾಕು.

ನಿಮ್ಮ ಸಭೆಯಲ್ಲಿ ಯಾವ ಅಯ್ಯನವರಾದರೂ ಯಾಕೋಬನ ಎರಡನೇ ಅಧ್ಯಾಯ ತೆಗೆದು, ಜಾತಿಯ ಹೆಸರೆತ್ತಿ ಪ್ರಸಂಗ ಮಾಡಿದ್ದುಂಟಾ? ಇದ್ದರೆ ದಯವಿಟ್ಟು ತಿಳಿಸಿ. ಒಂದು ಭಾನುವಾರ ನಾನೂ ಅಲ್ಲಿಗೆ ಬರ್ತೀನಿ.