ಫಲಿತಾಂಶದ ದಿನಗಳಲ್ಲಿ ಹೆತ್ತವರಿಗೊಂದು ಕಳಕಳಿಯ ಮನವಿ

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಕರ್ನಾಟಕದ ಮನೆಮನೆಗಳಲ್ಲಿ ಅಂಕಗಳ ಮಾತು ತುಂಬಿಕೊಂಡಿರುತ್ತದೆಯೇ ಹೊರತು, ಪರೀಕ್ಷೆ ಬರೆದ ಮಗುವಿನ ಮನಸ್ಸು ಹೇಗಿದೆಯೆಂದು ವಿಚಾರಿಸುವವರು ವಿರಳ. ಮಾನಸಿಕ ಅನಾರೋಗ್ಯಗಳಲ್ಲಿ ಸುಮಾರು ಅರ್ಧದಷ್ಟು 18ನೇ ವಯಸ್ಸಿನೊಳಗೇ ತಲೆದೋರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವಾಗ, ಈ ಉದಾಸೀನ ಸಣ್ಣ ಸಂಗತಿಯಲ್ಲ.

ಭಾವನೆಗಳನ್ನು ಕೆರಳಿಸುವ ಮಿದುಳಿನ ಭಾಗಗಳು ಹದಿಹರೆಯದಲ್ಲಿ ಬೇಗ ಚುರುಕಾಗುತ್ತವೆ. ಆದರೆ ಹಿಂದುಮುಂದು ನೋಡಿ ನಿರ್ಧರಿಸಲು ನೆರವಾಗುವ ಮುಂಭಾಗದ ಹೊರಪದರ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ರಸದೂತವೂ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುವುದರಿಂದ, ನಸುಕಿನ ಐದಕ್ಕೆ ಟ್ಯೂಷನ್‌ಗೆ ಎಬ್ಬಿಸಿದ ಮಗು ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಜರೆಯುವುದು ನ್ಯಾಯವಲ್ಲ.

ಖಿನ್ನತೆಯೆಂದರೆ ಅಳು, ಮೌನ ಎಂದಷ್ಟೇ ತಿಳಿದಿರುವ ಹೆತ್ತವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ: ಹದಿಹರೆಯದವರಲ್ಲಿ ಅದು ಎಷ್ಟೋ ಬಾರಿ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮಾತುಮಾತಿಗೂ ರೇಗುವುದು, ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಏಳುವುದು, ಆಟಕ್ಕೆ ಕರೆಯಲು ಬಂದ ಗೆಳೆಯನನ್ನು ಬಾಗಿಲಿನಿಂದಲೇ ಕಳುಹಿಸುವುದು ಮುಂತಾದ ಬದಲಾವಣೆಗಳು ಎರಡು ವಾರ ಕಳೆದರೂ ಮುಂದುವರಿದರೆ, 'ಕೊಬ್ಬು', 'ಮೊಬೈಲ್ ಹುಚ್ಚು' ಎಂದು ತಳ್ಳಿಹಾಕದೆ ತಜ್ಞರನ್ನು ಕಾಣುವುದು ಅಗತ್ಯ.

ಫಲಿತಾಂಶದ ದಿನ ನೆಂಟರ ಫೋನುಗಳು ಬರುವ ಮುನ್ನವೇ ಮಗುವಿನ ಪಕ್ಕದಲ್ಲಿ ಕುಳಿತು ಅದರ ಮಾತಿಗೆ ಕಿವಿಗೊಡಬೇಕು. 'ಪಕ್ಕದ ಮನೆಯವಳಿಗೆ ಎಷ್ಟು ಬಂತು' ಎಂಬ ಪ್ರಶ್ನೆಯನ್ನು ಯಾರೇ ಎತ್ತಿದರೂ ಅದು ಅಲ್ಲಿಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಅನುತ್ತೀರ್ಣರಾದವರು ವರ್ಷವಿಡೀ ಕಾಯದಂತೆ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆಯಿದೆಯಾದರೂ, ಈ ಸಂಗತಿಯನ್ನು ಮಗುವಿಗೆ ಬೈಗುಳದ ಬಳಿಕವಲ್ಲ, ಮೊದಲೇ ತಿಳಿಸಬೇಕು.

ಮಗು ತೀರಾ ಕುಗ್ಗಿದಂತೆ ಕಂಡರೆ, 'ಬದುಕು ಬೇಡವೆನಿಸುತ್ತಿದೆಯೇ' ಎಂದು ನೇರವಾಗಿ, ಮೃದುವಾಗಿ ಕೇಳಲು ಹಿಂಜರಿಯಬಾರದು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಯೊಳಗೆ ಹೊಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೇಳಿಕೊಳ್ಳಲು ದಾರಿ ಸಿಕ್ಕಿತೆಂಬ ನೆಮ್ಮದಿಯೇ ಹೆಚ್ಚಾಗಿ ಮಗುವಿಗೆ ಸಿಗುತ್ತದೆ. ಹೌದೆಂಬ ಉತ್ತರ ಬಂದರೆ ಗದರದೆ, ಉಪದೇಶಿಸದೆ, ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಮಗುವಿನೊಡನೆ ಮಾತು ಹೇಗೆ ಆರಂಭಿಸಬೇಕೆಂದು ತೋಚದೆ ಒದ್ದಾಡುವ ತಂದೆತಾಯಿಯರೂ ಇದೇ ಸಂಖ್ಯೆಗೆ ಕರೆಮಾಡಬಹುದು.