ಬೇರುನಾಳದಲ್ಲಿ ತಿರುಗುವ ಅರ

ಹಲ್ಲುನೋವಿನ ಅನುಭವವಿಲ್ಲದವರು ಭಾಗ್ಯಶಾಲಿಗಳು. ನಾವು ಆ ಗುಂಪಿಗೆ ಸೇರಿದವರಲ್ಲ. ಕೆಲವು ತಿಂಗಳ ಹಿಂದೆ ಕೆಳದವಡೆಯ ಹಲ್ಲೊಂದರ ನಿಮಿತ್ತ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ, ಅವರ ಯಂತ್ರದ ಸದ್ದು ನಮ್ಮ ಗಮನವನ್ನು ಸೆಳೆಯಿತು. ಅದು ಒಂದೇ ಸಮನಾದ ಝೇಂಕಾರವಾಗಿರದೆ ತಡೆತಡೆದು ಬರುತ್ತಿದ್ದಿತು. ಉಪಕರಣವು ಒಮ್ಮೆ ಒಂದು ದಿಕ್ಕಿಗೂ ಮರುಕ್ಷಣ ಎದುರು ದಿಕ್ಕಿಗೂ ತಿರುಗುತ್ತಿದ್ದಿತು. ಕೆಲಸ ಮುಗಿದ ಮೇಲೆ, ಹೀಗೇಕೆಂದು ಕೇಳಿದೆವು. “ತಯಾರಿಸಿದವರೇ ಹಾಗೆ ಹೊಂದಿಸಿ ಕೊಟ್ಟಿರುತ್ತಾರೆ, ಸರ್” ಎಂಬ ಉತ್ತರ ಬಂದಿತು. ಹಲ್ಲು ಉಳಿಯಿತು, ಉತ್ತರ ಮಾತ್ರ ನಮಗೆ ಸಮಾಧಾನವನ್ನು ಕೊಡಲಿಲ್ಲ.

ಹಲ್ಲಿನ ತಿರುಳು ಕೊಳೆತಾಗ ಅದನ್ನು ತೆಗೆದು, ಬೇರಿನೊಳಗಣ ನಾಳವನ್ನು ಶುಚಿಗೊಳಿಸಿ, ಹಿಗ್ಗಿಸಿ, ಮುಚ್ಚುವುದೇ ಬೇರುನಾಳ ಚಿಕಿತ್ಸೆ. ನಾಳವನ್ನು ಉಜ್ಜಿ ಹಿಗ್ಗಿಸಲು ಬಳಸುವ ಸಪೂರವಾದ ಉಪಕರಣವನ್ನು ಅರವೆಂದು ಕರೆಯಬಹುದು. ೧೮೩೮ರಲ್ಲಿ ಎಡ್ವರ್ಡ್ ಮೇನಾರ್ಡ್ ಎಂಬ ಅಮೆರಿಕದ ದಂತವೈದ್ಯನು ಗಡಿಯಾರದ ಸ್ಪ್ರಿಂಗನ್ನು ಸವೆಸಿ ಇಂತಹ ಉಪಕರಣವನ್ನು ಮಾಡಿಕೊಂಡನೆಂದು ಹೇಳುತ್ತಾರೆ. ನಾಳಗಳೆಲ್ಲ ನೆಟ್ಟಗಿದ್ದಿದ್ದರೆ ಅಂತಹ ಉಕ್ಕಿನ ಕಡ್ಡಿಯೇ ಸಾಕಾಗುತ್ತಿದ್ದಿತು. ಆದರೆ ದವಡೆಹಲ್ಲಿನ ನಾಳಗಳು ಬಹುಮಟ್ಟಿಗೆ ಬಾಗಿರುತ್ತವೆ. ಬಾಗಿಸಿದ ಉಕ್ಕು ನೆಟ್ಟಗಾಗಲು ಹವಣಿಸುತ್ತದೆ. ಆ ಹವಣಿಕೆಯಲ್ಲಿ ಬಾಗಿನ ಹೊರಗೋಡೆಯನ್ನು ತುದಿಯ ಬಳಿ ಅತಿಯಾಗಿ ಕೊರೆದು, ನಾಳದ ಸಹಜ ದಾರಿಯನ್ನೇ ತಪ್ಪಿಸುತ್ತದೆ. ದುಂಡು ಕಡ್ಡಿಯ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ದಪ್ಪ ಎರಡರಷ್ಟಾದರೆ ಬಿಗುಪು ಹದಿನಾರರಷ್ಟಾಗುತ್ತದೆ. ಆದುದರಿಂದ ನಾಳವನ್ನು ಹಿಗ್ಗಿಸಿದಷ್ಟೂ ದಾರಿ ತಪ್ಪುವ ಭಯ ಹೆಚ್ಚು.

ಈ ಕಷ್ಟವನ್ನು ನೀಗಿದುದು ನಿಕಲ್ ಮತ್ತು ಟೈಟಾನಿಯಮ್‌ಗಳ ಮಿಶ್ರಲೋಹ. ೧೯೬೦ರ ಆಸುಪಾಸಿನಲ್ಲಿ ಅಮೆರಿಕದ ನೌಕಾದಳದ ಪ್ರಯೋಗಶಾಲೆಯೊಂದರಲ್ಲಿ ವಿಲಿಯಮ್ ಬ್ಯೂಲರ್ ಇದನ್ನು ರೂಪಿಸಿದನು. ‘ನಿಟಿನಾಲ್’ ಎಂಬ ಹೆಸರಿನಲ್ಲಿ ಎರಡು ಲೋಹಗಳೂ ಆ ಪ್ರಯೋಗಶಾಲೆಯೂ ಅಡಗಿವೆ. ೧೯೮೮ರಲ್ಲಿ ವಾಲಿಯಾ ಮತ್ತು ಸಂಗಡಿಗರು ಇದರಿಂದ ಅರಗಳನ್ನು ಮಾಡಿ, ಅವು ಉಕ್ಕಿನವುಗಳಿಗಿಂತ ಎರಡು ಮೂರು ಪಾಲು ಹೆಚ್ಚು ಬಳುಕುತ್ತವೆಂದು ತೋರಿಸಿದರು. ಬಾಗಿದ ನಾಳದಲ್ಲಿ ಅರವನ್ನು ಯಂತ್ರದಿಂದ ಸುತ್ತಿಸುವುದು ಆ ಬಳಿಕವೇ ರೂಢಿಗೆ ಬಂದಿತು.

ಆದರೆ ಬಳುಕುವಿಕೆಗೂ ಬೆಲೆಯುಂಟು. ವಾಚಕರು ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಅರ್ಧ ಮಿಲಿಮೀಟರು ದಪ್ಪದ ಕಡ್ಡಿಯು ೫ ಮಿಲಿಮೀಟರು ತ್ರಿಜ್ಯದ ಬಾಗಿನಲ್ಲಿದ್ದರೆ ಅದರ ಹೊರಮೈ ನೂರಕ್ಕೆ ಐದರಷ್ಟು ಹಿಗ್ಗುತ್ತದೆ, ಒಳಮೈ ಅಷ್ಟೇ ಕುಗ್ಗುತ್ತದೆ. ಉಕ್ಕಾದರೆ ನೂರಕ್ಕೆ ಒಂದನ್ನು ತಲಪುವ ಮೊದಲೇ ಶಾಶ್ವತವಾಗಿ ಬಾಗಿಬಿಡುತ್ತದೆ. ನಿಟಿನಾಲ್ ಸುಮಾರು ಎಂಟರವರೆಗೂ ಮೊದಲಿನ ರೂಪಕ್ಕೆ ಮರಳಬಲ್ಲದು. ಕಡ್ಡಿ ಸುತ್ತುತ್ತಿದ್ದಾಗಲಾದರೋ, ಈಗ ಹಿಗ್ಗಿದ ಭಾಗವೇ ಅರ್ಧ ಸುತ್ತಿನ ಬಳಿಕ ಕುಗ್ಗಬೇಕು. ನಿಮಿಷಕ್ಕೆ ೩೦೦ ಸುತ್ತುಗಳಾದರೆ, ಒಂದೇ ನಿಮಿಷದಲ್ಲಿ ೩೦೦ ಸಲ ಈ ಹಿಂಸೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುವುದನ್ನು ಯಾರು ಅರಿಯರು? ಇದೇ ಲೋಹದ ದಣಿವು. ಇದಲ್ಲದೆ ಎರಡನೆಯ ಶತ್ರುವೂ ಉಂಟು: ಅರದ ತುದಿ ಕಿರಿದಾದ ನಾಳದಲ್ಲಿ ಸಿಕ್ಕಿಕೊಂಡು, ಹಿಡಿಯು ಮಾತ್ರ ಸುತ್ತುತ್ತಲೇ ಇದ್ದರೆ ನಡುಭಾಗ ತಿರುಚಿ ತುಂಡಾಗುತ್ತದೆ.

ಹಿಂದುಮುಂದಾಗಿ ತಿರುಗುವ ಚಲನೆ ಹುಟ್ಟಿದುದು ಇಲ್ಲಿ. ಇದು ನಮಗೆ ಹೊಸದಲ್ಲ. ಮಜ್ಜಿಗೆಯ ಕಡಗೋಲು ತಿರುಗುವುದೂ ಹೀಗೆಯೇ. ಕಬ್ಬಿಣದ ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಫಿಟ್ಟರು ಕೂಡ ಸ್ವಲ್ಪ ಮುಂದಕ್ಕೆ ತಿರುಗಿಸಿ ಸ್ವಲ್ಪ ಹಿಂದಕ್ಕೆ ಬಿಡುತ್ತಾನೆ. ಬಿಡದಿದ್ದರೆ ಉಪಕರಣ ಮುರಿಯುತ್ತದೆಂದು ಅವನ ಕೈ ಬಲ್ಲದು. ೧೯೮೫ರಲ್ಲಿ ರೋನ್ ಮತ್ತು ಸಂಗಡಿಗರು ಇದನ್ನೇ ಹೋಲುವ ಕೈಚಳಕವೊಂದನ್ನು ಉಕ್ಕಿನ ಅರಗಳಿಗೆ ವಿವರಿಸಿದರು. ೨೦೦೮ರಲ್ಲಿ ಘಸ್ಸಾನ್ ಯಾರೆಡ್ ಯಂತ್ರದಿಂದ ಹಿಂದುಮುಂದಾಗಿ ತಿರುಗಿಸಿದ ಒಂದೇ ನಿಟಿನಾಲ್ ಅರದಿಂದ ನಾಳವನ್ನು ರೂಪಿಸುವ ಕ್ರಮವನ್ನು ಪ್ರಕಟಿಸಿದನು. ೨೦೧೧ರಲ್ಲಿ ಬಂದ ರೆಸಿಪ್ರಾಕ್ ಎಂಬ ಬಗೆಯಲ್ಲಿ ಅರವು ಅಪ್ರದಕ್ಷಿಣವಾಗಿ ೧೫೦ ಡಿಗ್ರಿ ತಿರುಗಿ ಕೊರೆಯುತ್ತದೆ, ಪ್ರದಕ್ಷಿಣವಾಗಿ ೩೦ ಡಿಗ್ರಿ ಹಿಂದಿರುಗಿ ಸಡಿಲಗೊಳ್ಳುತ್ತದೆ. ಉಳಿದ ಮುನ್ನಡೆ ೧೨೦ ಡಿಗ್ರಿ. ಮೂರು ಆವರ್ತಗಳಿಗೆ ಒಂದು ಪೂರ್ಣ ಸುತ್ತು. ತುದಿ ಸಿಕ್ಕಿಕೊಂಡರೂ ಲೋಹ ತಾಳಬಲ್ಲ ತಿರುಚಿನ ಮಿತಿ ಮೀರುವ ಮೊದಲೇ ದಿಕ್ಕು ಬದಲಾಗುವಂತೆ ಈ ಕೋನಗಳನ್ನು ಆರಿಸಲಾಗಿದೆ. ದಣಿವಿನ ಪರೀಕ್ಷೆಗಳಲ್ಲಿಯೂ ಈ ಚಲನೆಯಲ್ಲಿ ಅರಗಳು ಹೆಚ್ಚು ಕಾಲ ಬಾಳುವುದು ಪದೇಪದೇ ಕಂಡುಬಂದಿದೆ.

ಇಷ್ಟನ್ನೂ ನಾವು ಸಂತೋಷದಿಂದ ಒಪ್ಪುತ್ತೇವೆ. ನಮ್ಮ ತಕರಾರು ಇರುವುದು ಇದರಿಂದ ಎಳೆಯುವ ತೀರ್ಮಾನದಲ್ಲಿ. ಅರ ಮುರಿಯದಿರುವುದು ಬೇರೆ, ನಾಳ ಶುಚಿಯಾಗುವುದು ಬೇರೆ. ಮೊದಲನೆಯದು ಲೋಹದ ಕ್ಷೇಮ. ಎರಡನೆಯದು ರೋಗಿಯ ಕ್ಷೇಮ. ಅರ ಮುರಿದರೂ ತುಣುಕು ತಾನೇ ವಿಷವಲ್ಲ; ಅದರಾಚೆಯ ನಾಳ ಶುಚಿಯಾಗದೆ ಉಳಿಯುವುದೇ ಅಪಾಯ. ಹಾಗಿದ್ದ ಮೇಲೆ ಮುರಿಯದ ಅರವೂ ಮುಟ್ಟದೆ ಬಿಟ್ಟ ಜಾಗದ ಗತಿಯೇನು? ತಿರುಗುವ ಉಪಕರಣ ಯಾವ ದಿಕ್ಕಿಗೆ ತಿರುಗಿದರೂ ದುಂಡಾದ ತೂತನ್ನೇ ಕೊರೆಯುತ್ತದೆ. ನಾಳದ ಅಡ್ಡಕೊಯ್ತವಾದರೋ ಅನೇಕ ಕಡೆ ಹುಣಿಸೆಬೀಜದಂತೆ ಚಪ್ಪಟೆ. ೨೦೦೧ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಕ್ಷ-ಕಿರಣದ ಸೂಕ್ಷ್ಮಚಿತ್ರಣದಿಂದ ಅಳೆದಾಗ, ಅವರು ಪರೀಕ್ಷಿಸಿದ ಎಲ್ಲ ಕ್ರಮಗಳಲ್ಲಿಯೂ ನಾಳದ ಗೋಡೆಯ ನೂರಕ್ಕೆ ೩೫ ಭಾಗವೋ ಅದಕ್ಕಿಂತ ಹೆಚ್ಚೋ ಅರ ಸೋಕದೆಯೇ ಉಳಿದಿದ್ದಿತು. ಆ ಭಾಗವನ್ನು ಶುಚಿಗೊಳಿಸಬೇಕಾದುದು ಸೋಡಿಯಮ್ ಹೈಪೊಕ್ಲೋರೈಟ್ ಮೊದಲಾದ ದ್ರಾವಣಗಳು. ಅವುಗಳ ಕ್ರಿಯೆಗೆ ಬೇಕಾದುದು ಕಾಲಾವಕಾಶ.

ಇಲ್ಲಿಯೇ ಹೊಸ ಚಲನೆಯ ಗುಣವು ದೋಷವಾಗಿ ಪರಿಣಮಿಸಬಹುದು. ಮೊದಲು ಹಲವು ಅರಗಳನ್ನು ಬದಲಾಯಿಸುತ್ತ, ನಡುನಡುವೆ ದ್ರಾವಣ ಹಾಯಿಸುತ್ತ ಮಾಡುತ್ತಿದ್ದ ಕೆಲಸವನ್ನು ಒಂದೇ ಅರವು ಬೇಗನೆ ಮುಗಿಸುತ್ತದೆ. ಹೀಗೆ ಉಳಿದ ಕಾಲವು ತೊಳೆಯುವ ಕೆಲಸಕ್ಕೆ ಸಲ್ಲಬೇಕಾದುದು ನ್ಯಾಯ. ಅದು ಮುಂದಿನ ರೋಗಿಯ ಸರದಿಗೆ ಸಂದುಹೋದರೆ, ಯಂತ್ರದಿಂದ ಲಾಭವಾದುದು ಹಲ್ಲಿಗಲ್ಲ. ಒಮ್ಮೆ ಮಾತ್ರ ಬಳಸಬೇಕೆಂದು ಮಾಡಿದ ಅರವನ್ನು ಮಿತವ್ಯಯದ ಹೆಸರಿನಲ್ಲಿ ಮತ್ತೆ ಮತ್ತೆ ಬಳಸುವುದೂ ತಪ್ಪು. ದಣಿವು ಕಣ್ಣಿಗೆ ಕಾಣದು. ಥಳಥಳಿಸುವ ಅರವೂ ತನ್ನ ಆಯುಸ್ಸನ್ನು ಮುಗಿಸಿರಬಹುದು.

ದಂತವೈದ್ಯರಿಗೆ ಅವರ ಕಸುಬನ್ನು ಕಲಿಸುವ ಉದ್ಧಟತನ ನಮ್ಮದಲ್ಲ. ನಾವು ಕೇಳುವುದಿಷ್ಟೇ: ೧೫೦, ೩೦ ಎಂಬ ಅಂಕಿಗಳು ಯಂತ್ರದ ಗುಂಡಿಯ ಮೇಲಿನ ಗುರುತುಗಳಾಗಿ ಉಳಿಯಬಾರದು, ಅವುಗಳ ಕಾರಣ ಅವನ್ನು ಬಳಸುವ ಕೈಗೆ ತಿಳಿದಿರಬೇಕು. ಈ ವಿಷಯದಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಮುಂದೆ ವೈದ್ಯರಾಗುವ ಹುಡುಗರು ನಮ್ಮ ತರಗತಿಗಳಲ್ಲಿಯೇ ಕುಳಿತು ಹೋಗುತ್ತಾರೆ. ಸ್ಥಿತಿಸ್ಥಾಪಕತೆಯ ಪಾಠವನ್ನು ಗೋಡೆಗೆ ತೂಗುಬಿಟ್ಟ ತಂತಿಯಲ್ಲಿಯೇ ಮುಗಿಸಿ, ಅವರಿಗೆ ಸೂತ್ರವನ್ನು ಬಾಯಿಪಾಠ ಮಾಡಿಸಿ ಕಳುಹಿಸುವವರು ನಾವು. ಈ ವರ್ಷದಿಂದ ಆ ತಂತಿಯ ಪಕ್ಕದಲ್ಲಿ ಬೇರುನಾಳದ ಅರವೊಂದನ್ನೂ ಇಡಬೇಕೆಂದು ನಿಶ್ಚಯಿಸಿದ್ದೇವೆ. ಇಂದು ಅದನ್ನು ಬಾಗಿಸಿ ನೋಡಿದ ಹುಡುಗನು ಮುಂದೊಂದು ದಿನ ತನ್ನ ರೋಗಿಯ ಪ್ರಶ್ನೆಗೆ ತಯಾರಕರ ಕಡೆಗೆ ಬೆರಳು ತೋರಿಸಲಾರನು.